ಕರಡಿ ಎದುರಾದಾಗ: ಪಠ್ಯದ ಕಥೆಯೂ ಕಾಡಿನ ಪಾಠವೂ

ಇಬ್ಬರು ಗೆಳೆಯರು ಮತ್ತು ಕರಡಿಯ ಕಥೆಯನ್ನು ಕೇಳದೆ ಪ್ರಾಥಮಿಕ ಶಾಲೆಯನ್ನು ದಾಟಿದ ಕನ್ನಡದ ಮಕ್ಕಳು ವಿರಳ. ಕಾಡಿನ ಹಾದಿಯಲ್ಲಿ ನಡೆಯುತ್ತಿದ್ದ ಗೆಳೆಯರಿಗೆ ಕರಡಿಯೊಂದು ಎದುರಾಯಿತು. ಒಬ್ಬನು ಸರಸರನೆ ಮರವೇರಿ ಕುಳಿತನು. ಮರ ಹತ್ತಲು ಬಾರದ ಇನ್ನೊಬ್ಬನು ಉಸಿರು ಬಿಗಿಹಿಡಿದು ಸತ್ತವನಂತೆ ನೆಲದ ಮೇಲೆ ಮಲಗಿದನು. ಕರಡಿಯು ಅವನ ಕಿವಿಯ ಬಳಿ ಮೂಸಿ ನೋಡಿ ಹೊರಟುಹೋಯಿತು. ಈಸೋಪನ ಹೆಸರಿನಲ್ಲಿ ಲೋಕವೆಲ್ಲ ಸಂಚರಿಸಿದ ಈ ಕಥೆ, ಆಪತ್ತಿಗೆ ಆದವನೇ ನೆಂಟನೆಂಬ ನೀತಿಯನ್ನು ಹೇಳಲು ಹುಟ್ಟಿದ್ದು. ನೀತಿಪಾಠವಾಗಿ ಅದರಲ್ಲಿ ಕುಂದಿಲ್ಲ.

ಆದರೆ ಅದೇ ಕಥೆಯನ್ನು ಕಾಡಿನ ಪಾಠವೆಂದು ನಂಬಿದರೆ ಅದು ಅರ್ಧ ತಪ್ಪು, ಅರ್ಧ ಸರಿ. ಮರವೇರಿದವನು ಬದುಕಿದನೆಂಬುದು ತಪ್ಪು ತಿಳಿವಳಿಕೆ. ಜೇನಿಗಾಗಿ ಎತ್ತರದ ಮರಗಳನ್ನು ಏರುವುದು ಈ ನಾಡಿನ ಕರಡಿಗೆ ನಿತ್ಯದ ಕೆಲಸ. ಮಲಗಿದವನು ಉಳಿದನೆಂಬುದು ಸರಿಯಾದರೂ ಅದಕ್ಕೆ ಕಥೆ ಕೊಡುವ ಕಾರಣ ಸರಿಯಲ್ಲ. ಹೆಣವೆಂದು ಭ್ರಮಿಸಿ ಕರಡಿ ಬಿಟ್ಟುಹೋಗುವುದಿಲ್ಲ. ತನಗೆ ಇನ್ನು ಅಪಾಯವಿಲ್ಲವೆಂದು ತೋರಿದಾಗ ಅದು ಹಿಂದಿರುಗುತ್ತದೆ. ಈ ಎರಡು ಮಾತುಗಳ ನಡುವಿನ ಅಂತರ ಸಣ್ಣದೆಂದು ತೋರಬಹುದು. ಕಾಡಂಚಿನ ಊರಿನ ಬಾಲಕನಿಗೆ ಅದು ಕಣ್ಣು ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ಅಂತರ.

ಭಾನುವಳ್ಳಿಯ ನೆಲ, ಕರಡಿಯ ನೆಲ

ಹರಿಹರ ತಾಲ್ಲೂಕಿನ ಭಾನುವಳ್ಳಿಯ ಸೀಮೆ ಭದ್ರಾ ನಾಲೆಯ ನೀರುಂಡ ಸೀಮೆ. ಗದ್ದೆಯ ಬದುವಿನ ಮೇಲೆ ನಡೆಯುವ ಹುಡುಗನಿಗೆ ಹಾವಿನ ಭಯ ಉಂಟು, ಕರಡಿಯ ಭಯವಿಲ್ಲ. ಅಲ್ಲಿ ಕರಡಿ ಪಠ್ಯಪುಸ್ತಕದ ಪ್ರಾಣಿ. ಆದರೆ ದಾವಣಗೆರೆಯನ್ನು ದಾಟಿ ಮೂಡಣಕ್ಕೆ ಜಗಳೂರಿನ ಕಡೆ ಹೊರಟವರಿಗೆ ಕೆಲವೇ ಗಂಟೆಗಳ ಬಸ್ಸಿನ ಹಾದಿಯಲ್ಲಿ ಬೇರೆಯೇ ಲೋಕ ಕಾಣುತ್ತದೆ. ಹಸಿರು ಗದ್ದೆಗಳು ಹಿಂದೆ ಸರಿದು, ಬಂಡೆಗಳನ್ನು ಹೇರಿಕೊಂಡ ಗುಡ್ಡಗಳು, ಕುರುಚಲು ಕಾಡು, ಮಳೆಯನ್ನೇ ನಂಬಿದ ಶೇಂಗಾ ಮತ್ತು ಮೆಕ್ಕೆಜೋಳದ ಹೊಲಗಳು ಎದುರಾಗುತ್ತವೆ. ಜಗಳೂರು, ಕೂಡ್ಲಿಗಿ, ಮೊಳಕಾಲ್ಮೂರು, ಚಿತ್ರದುರ್ಗಗಳ ಈ ಕಲ್ಲುಗುಡ್ಡಗಳ ಸಾಲು ಕರಡಿಯ ತವರು.

ಸರ್ಕಾರವೂ ಇದನ್ನು ಗುರುತಿಸಿದೆ. 1994ರಲ್ಲಿ ಹಂಪೆಗೆ ಸಮೀಪದ ಬಿಳಿಕಲ್ಲು ಅರಣ್ಯದ 5,587 ಹೆಕ್ಟೇರನ್ನು ದರೋಜಿ ಕರಡಿಧಾಮವೆಂದು ಘೋಷಿಸಲಾಯಿತು. 2009ರಲ್ಲಿ ಬುಕ್ಕಸಾಗರ ಅರಣ್ಯದ 2,685 ಹೆಕ್ಟೇರು ಅದಕ್ಕೆ ಸೇರಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವಾಯಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಗುಡ್ಡಗಳು 2013ರಲ್ಲಿ ಕರಡಿಧಾಮವೆನಿಸಿದವು. ಧಾಮದ ಗಡಿಯನ್ನು ನಕ್ಷೆಯಲ್ಲಿ ಗೆರೆ ಎಳೆದು ಗುರುತಿಸಬಹುದು; ಕರಡಿಗೆ ಆ ಗೆರೆ ಕಾಣದು. ಹಣ್ಣು ಮತ್ತು ನೀರು ಎಲ್ಲಿಯೋ ಅಲ್ಲಿಗೆ ಅದು ನಡೆಯುತ್ತದೆ.

ಮಠಗಳ ಪ್ರಸಾದನಿಲಯಗಳಲ್ಲಿ ಉಳಿದು ಓದುವ ಮಕ್ಕಳು ನಾನಾ ಸೀಮೆಗಳಿಂದ ಬಂದವರು. ನೀರಾವರಿಯ ಊರಿನ ಮಗುವಿನ ಪಕ್ಕದಲ್ಲಿಯೇ ಕಲ್ಲುಗುಡ್ಡದ ಊರಿನ ಮಗುವೂ ಕುಳಿತಿರುತ್ತದೆ. ರಜೆಗೆ ಊರಿಗೆ ಮರಳಿದ ಆ ಮಗು ಕುರಿಗಳ ಹಿಂದೆ ಗುಡ್ಡ ಹತ್ತುತ್ತದೆ. ಸೀತಾಫಲ, ಕವಳೆ, ಬಾರೆಹಣ್ಣುಗಳನ್ನು ಆಯಲು ಪೊದೆಗೆ ಕೈಹಾಕುತ್ತದೆ. ಆ ಹಣ್ಣುಗಳೇ ಕರಡಿಯ ಆಹಾರವೂ ಹೌದು. ಆದುದರಿಂದ ಈ ಪಾಠ ಕಾಡಿನವರಿಗೆ ಮಾತ್ರ ಸಲ್ಲುವಂಥದೆಂದು ನೀರಾವರಿ ಸೀಮೆಯ ಶಾಲೆಗಳು ಬಿಡುವಂತಿಲ್ಲ.

ಪ್ರಾಣಿಯ ಪರಿಚಯ

1791ರಲ್ಲಿ ಜಾರ್ಜ್ ಷಾ ಎಂಬ ಆಂಗ್ಲ ವಿಜ್ಞಾನಿ ಈ ಪ್ರಾಣಿಗೆ ಮೊದಲ ಶಾಸ್ತ್ರೀಯ ನಾಮಕರಣ ಮಾಡಿದಾಗ, ಉದ್ದವಾದ ಉಗುರುಗಳನ್ನೂ ಹಲ್ಲುಗಳ ರಚನೆಯನ್ನೂ ಕಂಡು, ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ 'ಸ್ಲಾತ್' ಎಂಬ ಮಂದಗತಿಯ ಪ್ರಾಣಿಯ ಬಳಗಕ್ಕೆ ಇದನ್ನು ಸೇರಿಸಿಬಿಟ್ಟನು. ಮುಂದೆ ತಪ್ಪು ತಿದ್ದಿತಾದರೂ 'ಸ್ಲಾತ್ ಬೇರ್' ಎಂಬ ಹೆಸರು ಇಂಗ್ಲಿಷಿನಲ್ಲಿ ಉಳಿದುಕೊಂಡಿತು. ಹೆಸರಿನಲ್ಲಿ ಮಾತ್ರ ಸೋಮಾರಿತನ. ಓಟದಲ್ಲಿ ಯಾವ ಮನುಷ್ಯನೂ ಅದನ್ನು ಮೀರಲಾರ.

ಬೆಳೆದ ಗಂಡು ಕರಡಿ ಸುಮಾರು 80ರಿಂದ 145 ಕಿಲೋಗ್ರಾಂ ತೂಗುತ್ತದೆ. ಹೆಣ್ಣು 55ರಿಂದ 95 ಕಿಲೋಗ್ರಾಂ. ಗೆದ್ದಲು ಮತ್ತು ಇರುವೆಗಳು ಇದರ ಮುಖ್ಯ ಆಹಾರ. ಹಣ್ಣು, ಜೇನುಗಳೂ ಬೇಕು. ಗಟ್ಟಿಯಾದ ಹುತ್ತವನ್ನು ಅಗೆಯಲೆಂದೇ ಮುಂಗಾಲಿನ ಉಗುರುಗಳು ಬೆರಳುದ್ದ ಬೆಳೆದು ಕೊಕ್ಕೆಯಂತೆ ಬಾಗಿರುತ್ತವೆ. ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳು ಇರುವುದಿಲ್ಲ. ಆ ಸಂದಿನ ಮೂಲಕ, ತುಟಿಗಳನ್ನು ಮುಂದೆ ಚಾಚಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಬಿಲದೊಳಗಿನ ಗೆದ್ದಲುಗಳನ್ನು ತಿದಿಯಂತೆ ಎಳೆದುಕೊಳ್ಳುತ್ತದೆ. ಆ ಸದ್ದು 100 ಮೀಟರಿನಾಚೆಗೂ ಕೇಳಿಸುವಷ್ಟು ದೊಡ್ಡದು.

ಕರಡಿಯ ಮೂಗು ತೀಕ್ಷ್ಣ; ಕಣ್ಣು ಮತ್ತು ಕಿವಿ ಮಂದ. ಹುತ್ತಕ್ಕೆ ಮೂತಿ ಇಟ್ಟು, ತನ್ನದೇ ಸದ್ದಿನಲ್ಲಿ ಮುಳುಗಿರುವ ಪ್ರಾಣಿಗೆ ಬರಿಗಾಲಲ್ಲಿ ನಡೆದುಬರುವ ಮನುಷ್ಯನ ಸುಳಿವು ಹತ್ತುವುದಿಲ್ಲ. ಗಾಳಿ ಎದುರಿನಿಂದ ಬೀಸುತ್ತಿದ್ದರೆ ವಾಸನೆಯೂ ಮುಟ್ಟದು. ಕೆಲವೇ ಮಾರುಗಳ ದೂರದಲ್ಲಿ ತಲೆ ಎತ್ತಿದಾಗ ಮಾತ್ರ ಅದಕ್ಕೆ ಮನುಷ್ಯ ಕಾಣುತ್ತಾನೆ. ಆ ಕ್ಷಣದಲ್ಲಿ ಓಡಿಹೋಗಲು ಎಡೆಯಿಲ್ಲವೆಂದು ಬಗೆದು ಅದು ಮೇಲೆ ಬೀಳುತ್ತದೆ. ಹುಲಿ, ಚಿರತೆಗಳಿರುವ ಕಾಡುಗಳಲ್ಲಿ ಸಾವಿರಾರು ವರ್ಷ ಬದುಕಿದ ಈ ಜಾತಿಗೆ, ಹತ್ತಿರ ಬಂದ ಅಪಾಯಕ್ಕೆ ಬೆನ್ನು ತೋರಿಸದೆ ನುಗ್ಗುವುದೇ ಉಳಿವಿನ ದಾರಿಯಾಯಿತೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ಎಂದರೆ ಕರಡಿಯ ದಾಳಿ ಬೇಟೆಯಲ್ಲ, ಬೆದರಿದ ಪ್ರಾಣಿಯ ಆತ್ಮರಕ್ಷಣೆ. ರಕ್ಷಣೆಯ ಉಪಾಯಗಳೆಲ್ಲ ಈ ಒಂದು ತಿಳಿವಿನಿಂದಲೇ ಹೊರಡಬೇಕು.

ಹಾನಿಯ ಪ್ರಮಾಣ

ಬೇಟೆಯಲ್ಲವೆಂದ ಮಾತ್ರಕ್ಕೆ ಹಾನಿ ಅಲ್ಪವೆಂದು ತಿಳಿಯಬಾರದು. ಅವಿಭಜಿತ ಮಧ್ಯಪ್ರದೇಶದಲ್ಲಿ 1989ರ ಏಪ್ರಿಲಿನಿಂದ 1994ರ ಮಾರ್ಚಿಯವರೆಗಿನ ಐದು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು 735 ಮಂದಿ ಕರಡಿಯ ದಾಳಿಗೆ ಗುರಿಯಾದುದನ್ನು ಲೆಕ್ಕ ಹಾಕಿದರು. ಅವರಲ್ಲಿ ಸತ್ತವರು 48 ಮಂದಿ. ನೂರಕ್ಕೆ ತೊಂಬತ್ತಮೂರು ಮಂದಿ ಬದುಕಿ ಉಳಿದರೆಂಬುದು ಈ ಲೆಕ್ಕದ ಸಮಾಧಾನದ ಭಾಗ. ಆದರೆ ಎದ್ದು ನಿಂತ ಕರಡಿಯ ಉಗುರು ಮನುಷ್ಯನ ತಲೆ ಮುಖಗಳ ಎತ್ತರಕ್ಕೇ ಬರುತ್ತದೆ. ನೆತ್ತಿಯ ಚರ್ಮ ಕಿತ್ತುಬರುವುದು, ಕಣ್ಣು ಹೋಗುವುದು, ದವಡೆ ಮುರಿಯುವುದು ಈ ಗಾಯಗಳ ಲಕ್ಷಣ. ಬದುಕಿ ಉಳಿದವನು ಮುಂದಿನ ಬಾಳನ್ನು ಆ ಮುಖದೊಡನೆ ಬಾಳಬೇಕು; ಮದುವೆಯ ಚಪ್ಪರದಲ್ಲಿ, ಸಂತೆಯಲ್ಲಿ, ಶಾಲೆಯ ಬಾಗಿಲಲ್ಲಿ ಜನರ ನೋಟವನ್ನು ತಾಳಬೇಕು. ಸಾವಿನ ಅಂಕಿಯಲ್ಲಿ ಈ ದುಃಖ ಸೇರಿರುವುದಿಲ್ಲ.

ಕರ್ನಾಟಕದ ಅಪವಾದದ ಉದಾಹರಣೆಯೊಂದು ಪ್ರಸಿದ್ಧವಾಗಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಮಾಲಿಕೆಯಿಂದ ಕನ್ನಡಿಗರಿಗೆ ಪರಿಚಿತನಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್, 1957ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಅರಸೀಕೆರೆಯ ಸಮೀಪದ ಗುಡ್ಡಗಳಲ್ಲಿದ್ದ ಕರಡಿಯೊಂದರ ವೃತ್ತಾಂತವನ್ನು ಬರೆದನು. ಅವನ ಹೇಳಿಕೆಯಂತೆ ಆ ಕರಡಿ ಹನ್ನೆರಡು ಮಂದಿಯನ್ನಾದರೂ ಕೊಂದು, ಎರಡು ಡಜನ್ ಮಂದಿಯನ್ನು ಗಾಯಗೊಳಿಸಿತ್ತು. ಕೊನೆಗೆ ಅದು ಅವನ ಗುಂಡಿಗೆ ಬಲಿಯಾಯಿತು. ಇಂಥ ಕರಡಿ ಸಾವಿರಕ್ಕೊಂದು. ಊರಿನವರು ನಿತ್ಯ ಎದುರಿಸುವುದು ಈ ಬಗೆಯ ವೈರಿಯನ್ನಲ್ಲ. ಹುತ್ತ ಅಗೆಯುತ್ತ ತನ್ನ ಪಾಡಿಗೆ ಇರುವ, ಬೆದರಿದರೆ ಮಾತ್ರ ಭಯಂಕರವಾಗುವ ಸಾಮಾನ್ಯ ಕರಡಿಯನ್ನು.

ಎದುರಾಗದಂತೆ ನಡೆಯುವ ಬಗೆ

ರಕ್ಷಣೆಯ ಮೊದಲ ಅಂಗ ಭೇಟಿಯನ್ನು ತಪ್ಪಿಸುವುದು. ಬೆದರಿಕೆಯೇ ದಾಳಿಯ ಮೂಲವಾದುದರಿಂದ, ಮನುಷ್ಯನು ತನ್ನ ಬರವನ್ನು ಮುಂಚಿತವಾಗಿ ಸಾರುತ್ತ ನಡೆಯಬೇಕು. ಕಾಡಿನಲ್ಲಿ ಮೌನವಾಗಿ ಹೆಜ್ಜೆ ಇಡುವುದು ಬೇಟೆಗಾರನಿಗೆ ಗುಣ. ಕುರಿಗಾಹಿಗೆ ಅದೇ ದೋಷ. ಇಬ್ಬರು ಮೂವರು ಕೂಡಿ, ಗಟ್ಟಿಯಾಗಿ ಮಾತನಾಡುತ್ತಲೋ ಪದ ಹೇಳುತ್ತಲೋ ನಡೆದರೆ ಕರಡಿ ದೂರದಲ್ಲೇ ಸರಿದುಹೋಗುತ್ತದೆ. ಒಂಟಿಯಾಗಿ ಹೋಗಲೇಬೇಕಾದವರು ಕೋಲಿನಿಂದ ಬಂಡೆ ಕುಟ್ಟುತ್ತ, ಆಗಾಗ ಕೂಗು ಹಾಕುತ್ತ ನಡೆಯುವುದು ಲೇಸು. ಉತ್ತರ ಗುಜರಾತಿನ ಕಾಡಂಚಿನಲ್ಲಿ ಸಂಶೋಧಕರು ಗಂಟೆ ಕಟ್ಟಿದ ಕೋಲನ್ನು ಇದಕ್ಕಾಗಿಯೇ ಬಳಕೆಗೆ ತಂದಿದ್ದಾರೆ. ಎತ್ತಿನ ಕೊರಳಿಗೆ ಗಂಟೆ ಕಟ್ಟಿ ರೂಢಿಯಿರುವ ನಾಡಿನಲ್ಲಿ ಕೋಲಿಗೆ ಗೆಜ್ಜೆ ಕಟ್ಟುವುದು ಕಷ್ಟದ ಕೆಲಸವಲ್ಲ.

ಹೊತ್ತಿನ ವಿವೇಕವೂ ಬೇಕು. ಕರಡಿ ಸಂಜೆಯಿಂದ ಬೆಳಗಿನವರೆಗೆ ಹೆಚ್ಚಾಗಿ ಸಂಚರಿಸಿ, ಹಗಲಿನಲ್ಲಿ ಗವಿ, ಬಂಡೆಗಳ ಸಂದು, ದಟ್ಟ ಪೊದೆಗಳಲ್ಲಿ ಮಲಗುತ್ತದೆ. ಆದುದರಿಂದ ಮುಂಜಾವು ಮುಸ್ಸಂಜೆಗಳಲ್ಲಿ ಗುಡ್ಡದ ಬುಡದ ಹೊಲಗಳಿಗೆ ಒಂಟಿಯಾಗಿ ಹೋಗಬಾರದು. ಹೋಗುವವರ ಕೈಯಲ್ಲಿ ಬ್ಯಾಟರಿಯ ಬೆಳಕು ಇರಬೇಕು. ಬೆಳಗಿನ ಕತ್ತಲಲ್ಲಿ ಬಹಿರ್ದೆಸೆಗೆ ಪೊದೆಯ ಮರೆ ಹುಡುಕಿ ಹೋಗುವುದು ಇಂಥ ಊರುಗಳಲ್ಲಿ ಅಪಾಯಕರ. ಮನೆಗೊಂದು ಶೌಚಾಲಯ ಆರೋಗ್ಯಕ್ಕೆ ಮಾತ್ರವಲ್ಲ, ಜೀವರಕ್ಷಣೆಗೂ ಸಾಧನ. ಹಗಲಿನಲ್ಲಿ ಗವಿಗಳ ಬಾಯಿಗೆ ಇಣುಕುವುದು, ಲಂಟಾನದ ಮೆಳೆಯೊಳಗೆ ತಪ್ಪಿದ ಮೇಕೆಯನ್ನು ಹುಡುಕುತ್ತ ನುಗ್ಗುವುದು ಸಲ್ಲದು. ಮೊದಲು ಹೊರಗಿನಿಂದ ಕಲ್ಲೆಸೆದು ಸದ್ದು ಮಾಡಿ ಕಾಯಬೇಕು. ಹೊಸದಾಗಿ ಅಗೆದ ಹುತ್ತ, ಹಣ್ಣಿನ ಬೀಜ ತುಂಬಿದ ಹಿಕ್ಕೆ, ಮರದ ತೊಗಟೆಯ ಮೇಲಿನ ಉಗುರಿನ ಗೀರು ಕಂಡರೆ ಅಲ್ಲಿಂದಲೇ ಹಿಂದಿರುಗುವುದು ಜಾಣತನ. ನಾಯಿಯೂ ಎಲ್ಲ ಸಲ ಕಾವಲಲ್ಲ. ಕರಡಿಯನ್ನು ಕೆಣಕಿ, ಬೆದರಿ, ಯಜಮಾನನ ಕಾಲಬುಡಕ್ಕೇ ಅದನ್ನು ಕರೆತರುವುದುಂಟು.

ತಾಯಿಕರಡಿಯ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ ಗವಿಯಲ್ಲಿ ಒಂದೆರಡು ಮರಿಗಳು ಹುಟ್ಟುತ್ತವೆ. ಕೆಲವು ತಿಂಗಳ ಬಳಿಕ ತಾಯಿಯ ಬೆನ್ನಿನ ಕೂದಲನ್ನು ಹಿಡಿದು ಸವಾರಿ ಮಾಡುತ್ತ ಹೊರಬರುತ್ತವೆ. ಮುದ್ದಾದ ಮರಿ ಒಂಟಿಯಾಗಿ ಕಂಡರೂ ತಾಯಿ ಹತ್ತಿರದಲ್ಲೇ ಇರುತ್ತಾಳೆಂದು ತಿಳಿಯಬೇಕು.

ಎದುರಾದ ಗಳಿಗೆಯಲ್ಲಿ

ದೂರದಲ್ಲಿ ಕರಡಿ ಕಂಡರೆ, ಅದು ಇನ್ನೂ ನೋಡಿಲ್ಲವಾದರೆ, ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಅದು ನೋಡಿದ್ದರೂ ಓಡಬಾರದು. ಅದರ ಮೇಲೆ ಗಮನವಿರಿಸಿ, ಮೆಲ್ಲಮೆಲ್ಲನೆ ಹಿಂದಕ್ಕೆ ಹೆಜ್ಜೆ ಇಡುತ್ತ, ಅದಕ್ಕೆ ಹೋಗುವ ದಾರಿ ತೆರವು ಮಾಡಿಕೊಡಬೇಕು. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತೆಂದರೆ ದಾಳಿಗೇ ಎದ್ದಿತೆಂದು ಭಾವಿಸಬಾರದು. ಮಂದದೃಷ್ಟಿಯ ಪ್ರಾಣಿ ಎದ್ದುನಿಂತು ಮೂಸಿ ನೋಡುವುದು ಸಹಜ. ಕಲ್ಲೆಸೆಯುವುದು, ಕೊಡಲಿ ಬೀಸುತ್ತ ಮುನ್ನುಗ್ಗುವುದು ಆ ಗಳಿಗೆಯಲ್ಲಿ ಕೇಡನ್ನು ಕರೆದಂತೆ.

ಕರಡಿ ಮೇಲೇರಿ ಬಂದೇಬಿಟ್ಟಿತು, ತಪ್ಪಿಸಿಕೊಳ್ಳಲು ಹೊತ್ತಿಲ್ಲ ಎಂದಾಗ ಕಥೆಯ ಎರಡನೆಯ ಗೆಳೆಯನ ಉಪಾಯವೇ ಉಪಾಯ. ಆದರೆ ಅವನು ಮಲಗಿದ ಬಗೆಯನ್ನು ತಿದ್ದಬೇಕು. ಕಥೆಯ ಕೆಲವು ಚಿತ್ರಗಳಲ್ಲಿ ಅವನು ಅಂಗಾತ ಮಲಗಿರುತ್ತಾನೆ. ಕರಡಿಯ ಉಗುರಿಗೆ ಮುಖವನ್ನೇ ಒಡ್ಡಿದಂತಾಯಿತು. ಮಲಗಬೇಕಾದುದು ಬೋರಲಾಗಿ. ಹೊಟ್ಟೆ ಮತ್ತು ಮುಖ ನೆಲಕ್ಕೆ ಅಂಟಿರಬೇಕು. ಎರಡು ಕೈಗಳ ಬೆರಳುಗಳನ್ನು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಬೇಕು. ಮೊಣಕೈಗಳು ಎರಡು ಕೆನ್ನೆಗಳಿಗೆ ಗೋಡೆಯಾಗಬೇಕು. ಕಾಲುಗಳನ್ನು ತುಸು ಅಗಲಿಸಿದರೆ ಕರಡಿಗೆ ದೇಹವನ್ನು ಮಗುಚಿಹಾಕುವುದು ಕಷ್ಟವಾಗುತ್ತದೆ. ಬೆನ್ನ ಮೇಲೆ ಚೀಲವೋ ಕಂಬಳಿಯೋ ಇದ್ದರೆ ಅದನ್ನು ಕಳಚದೆ ಬಿಡಬೇಕು, ಅದೇ ಕವಚ. ಗಾಯವಾದರೂ ಒದ್ದಾಡದೆ, ಕೂಗದೆ ಸ್ಥಿರವಾಗಿರುವುದು ಬಲು ಕಷ್ಟದ ಮಾತು. ಆದರೆ ದಾಳಿ ಬಹುಮಟ್ಟಿಗೆ ಅಲ್ಪಕಾಲದ್ದು. ಎದುರಾಳಿ ಅಡಗಿದನೆಂದು ಕಂಡೊಡನೆ ಕರಡಿ ಹೊರಟುಹೋಗುತ್ತದೆ. ಅದು ಹೋಯಿತೆಂದು ಥಟ್ಟನೆ ಏಳುವುದೂ ತಪ್ಪು. ದೂರ ಸರಿದುದು ಖಚಿತವಾದ ಮೇಲೆ ಏಳಬೇಕು. ಜೊತೆಗಾರರಿದ್ದರೆ ಅವರು ಚದುರಿ ಓಡದೆ, ಒಟ್ಟಿಗೆ ನಿಂತು ಗದ್ದಲ ಮಾಡಿ ಕರಡಿಯ ಗಮನವನ್ನು ಬಿಡಿಸಲು ಯತ್ನಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೊರದೇಶದ ಚಲನಚಿತ್ರಗಳಲ್ಲೂ ಪುಸ್ತಕಗಳಲ್ಲೂ ಬರುವ ಉಪದೇಶಗಳು ಬೇರೆ ಕರಡಿಗಳಿಗೆ ಸಂಬಂಧಿಸಿದವು. ಉತ್ತರ ಅಮೆರಿಕದ ಕಪ್ಪು ಕರಡಿ ಮೇಲೆ ಬಿದ್ದರೆ ಎದುರಿಸಿ ಹೋರಾಡಬೇಕೆಂದು ಅಲ್ಲಿನವರು ಕಲಿಸುತ್ತಾರೆ. ಅಲ್ಲಿಯ ಕಂದು ಕರಡಿಯಾದರೆ ಬೋರಲು ಮಲಗಬೇಕೆನ್ನುತ್ತಾರೆ. ಭಾರತದ ಕರಡಿ ಬಣ್ಣದಲ್ಲಿ ಕಪ್ಪಾದರೂ ಸ್ವಭಾವದಲ್ಲಿ ಆ ಎರಡನೆಯ ಬಗೆಗೇ ಹತ್ತಿರ.

ದಾಳಿಯ ನಂತರ

ಗಾಯಾಳುವನ್ನು ಮೊದಲು ಸುರಕ್ಷಿತ ಸ್ಥಳಕ್ಕೆ ಸಾಗಿಸಿ, ರಕ್ತ ಸುರಿಯುವ ಕಡೆ ಒಗೆದ ಬಟ್ಟೆಯನ್ನು ಮಡಿಸಿಟ್ಟು ಬಲವಾಗಿ ಒತ್ತಿಹಿಡಿಯಬೇಕು. ಕಣ್ಣಿಗೆ ಪೆಟ್ಟಾಗಿದ್ದರೆ ಅದನ್ನು ಮಾತ್ರ ಒತ್ತಬಾರದು. ನೆತ್ತಿಯ ಚರ್ಮ ಕಿತ್ತು ಜೋತಿದ್ದರೆ ಕತ್ತರಿಸದೆ, ಇದ್ದ ಜಾಗಕ್ಕೆ ಮೆಲ್ಲನೆ ಸೇರಿಸಿ ಬಟ್ಟೆ ಕಟ್ಟಬೇಕು. ವೈದ್ಯರು ಅದನ್ನು ಹೊಲಿದು ಉಳಿಸಬಲ್ಲರು. ಬಾಯಿ ಮೂಗುಗಳಿಂದ ರಕ್ತ ಹರಿಯುತ್ತಿದ್ದರೆ, ಅದು ಗಂಟಲಿಗಿಳಿದು ಉಸಿರು ಕಟ್ಟದಂತೆ ಮುಂದಕ್ಕೆ ಬಾಗಿಸಿ ಕೂರಿಸಬೇಕು. ಪ್ರಜ್ಞೆ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಅರಿಸಿನ, ಸುಣ್ಣ, ಸೊಪ್ಪಿನ ರಸಗಳನ್ನು ಗಾಯಕ್ಕೆ ಮೆತ್ತಬಾರದು. ರಕ್ತಸ್ರಾವ ಹತೋಟಿಯಲ್ಲಿರುವ ಸಣ್ಣ ಗಾಯಗಳನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಕಾಡುಪ್ರಾಣಿಯ ಕಡಿತವಾದುದರಿಂದ ಧನುರ್ವಾಯುವಿನ ಚುಚ್ಚುಮದ್ದಿನ ಜೊತೆಗೆ ರೇಬಿಸ್ ನಿರೋಧಕ ಚಿಕಿತ್ಸೆಯನ್ನೂ ತಪ್ಪದೆ ಕೇಳಿ ಪಡೆಯಬೇಕು. ಅರಣ್ಯ ಇಲಾಖೆಗೆ ಕೂಡಲೇ ತಿಳಿಸುವುದು ಗಾಯಾಳುವಿನ ಹಿತಕ್ಕೂ ಅವಶ್ಯ. ಸರ್ಕಾರದ ಪರಿಹಾರಕ್ಕೆ ಇಲಾಖೆಯ ದಾಖಲೆಯೇ ಆಧಾರ.

ಕರಡಿ ಊರಿಗೆ ಬಂದಾಗ

ಬಿಜ್ಜಲದ ಬೇಸಗೆಯಲ್ಲಿ ನೀರು ಬತ್ತಿದಾಗ, ಕಲ್ಲುಗಣಿಗಳು ಗವಿಗಳನ್ನು ಒಡೆದಾಗ ಕರಡಿ ಊರಿನತ್ತ ಬರುತ್ತದೆ. ಗುಡ್ಡದ ಗುಡಿಗಳಿಗೆ ರಾತ್ರಿ ನುಗ್ಗಿ ದೀಪದ ಎಣ್ಣೆಯನ್ನು ಕುಡಿದುಹೋದ ಸುದ್ದಿಗಳು ಬಯಲುಸೀಮೆಯಲ್ಲಿ ಮತ್ತೆಮತ್ತೆ ಕೇಳಿಬಂದಿವೆ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎಂಬ ಗಾದೆಯಲ್ಲಿರುವುದು ಮೃಗವಲ್ಲ, ಕರಡಿಯೆಂಬ ವಾದ್ಯ ಎಂದು ಕೆಲವರೂ, ಲಿಂಗದ ಕರಡಿಗೆ ಎಂದು ಇನ್ನು ಕೆಲವರೂ ಅರ್ಥ ಹೇಳುವುದುಂಟು. ಅರ್ಥ ಯಾವುದಾದರೂ ಆಗಲಿ, ಗುಡ್ಡದಂಚಿನ ಪೂಜಾರಿಗೆ ಮೃಗದ ಅರ್ಥವೂ ನಿಜವಾಗಬಹುದು. ಎಣ್ಣೆ, ಬೆಲ್ಲ, ಕೊಬ್ಬರಿಗಳನ್ನು ಗುಡಿಯಲ್ಲೂ ಶಾಲೆಯ ಬಿಸಿಯೂಟದ ಕೋಣೆಯಲ್ಲೂ ಭದ್ರವಾಗಿ ಮುಚ್ಚಿಡುವುದು, ಹಣ್ಣಿನ ಸಿಪ್ಪೆಯನ್ನು ಊರಂಚಿನಲ್ಲಿ ಸುರಿಯದಿರುವುದು ಸುಲಭದ ಮುನ್ನೆಚ್ಚರಿಕೆ.

ಹಗಲಿನಲ್ಲಿ ಕರಡಿ ಊರೊಳಗೆ ಸಿಕ್ಕಿಕೊಂಡಾಗ ಕರಡಿಗಿಂತ ಗುಂಪೇ ಅಪಾಯಕರ. ಬೊಬ್ಬೆ ಹಾಕುತ್ತ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನೂರಾರು ಮಂದಿ ಸುತ್ತುವರಿದರೆ, ದಾರಿ ಕಾಣದ ಪ್ರಾಣಿ ಯಾರ ಮೇಲಾದರೂ ಎರಗುತ್ತದೆ. ಜನರನ್ನು ಮನೆಯೊಳಗೆ ಕಳುಹಿಸಿ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ, ಕಾಡಿನ ದಿಕ್ಕಿನ ದಾರಿಯನ್ನು ತೆರೆದಿಡುವುದು ಹಿರಿಯರ ಹೊಣೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕರಡಿಯನ್ನು ಮೊದಲ ಅನುಸೂಚಿಯಲ್ಲಿ ಇರಿಸಿ ಅತ್ಯುನ್ನತ ರಕ್ಷಣೆ ನೀಡಿದೆ. ಅದೇ ಕಾಯಿದೆಯ 11ನೆಯ ಕಲಮು, ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲವೆಂದೂ ಹೇಳುತ್ತದೆ. ಕಾನೂನು ಮನುಷ್ಯನ ಪ್ರಾಣವನ್ನು ಮರೆತಿಲ್ಲ. ಆದರೆ ಓಡಿಹೋಗುತ್ತಿರುವ ಕರಡಿಯನ್ನು ಬೆನ್ನಟ್ಟಿ ಕೊಲ್ಲುವುದು ರಕ್ಷಣೆಯಲ್ಲ.

ಶಾಲೆಯ ಕರ್ತವ್ಯ

ಮೂಗುದಾರ ಹಾಕಿದ ಕರಡಿಯನ್ನು ಬೀದಿಯಲ್ಲಿ ಕುಣಿಸುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರುತ್ತಾರೆ. 2009ರಲ್ಲಿ ಕೊನೆಯದೆನಿಸಿದ ಕುಣಿತದ ಕರಡಿ ಬನ್ನೇರುಘಟ್ಟದ ರಕ್ಷಣಾಕೇಂದ್ರವನ್ನು ಸೇರುವುದರೊಡನೆ ಆ ಅಧ್ಯಾಯ ಮುಗಿಯಿತು. ಬೀದಿಯ ಕರಡಿ ಮರೆಯಾದ ಮೇಲೆ ಮಕ್ಕಳಿಗೆ ಉಳಿದಿರುವುದು ಕಥೆಯ ಕರಡಿ ಮತ್ತು ಗುಡ್ಡದ ಕರಡಿ. ಈ ಎರಡನ್ನೂ ಜೋಡಿಸಿ ಕಲಿಸುವುದು ಉಪಾಧ್ಯಾಯರ ಕೆಲಸ.

ಅದಕ್ಕೆ ಹೆಚ್ಚಿನ ವೆಚ್ಚ ಬೇಡ. ಇಬ್ಬರು ಗೆಳೆಯರ ಕಥೆಯನ್ನು ಓದಿಸಿದ ದಿನವೇ ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ದು, ಬೋರಲು ಮಲಗಿ ಕುತ್ತಿಗೆಯ ಮೇಲೆ ಬೆರಳು ಹೆಣೆಯುವುದನ್ನು ಹತ್ತು ನಿಮಿಷ ಅಭ್ಯಾಸ ಮಾಡಿಸಬಹುದು. ಭಯದ ಗಳಿಗೆಯಲ್ಲಿ ಬುದ್ಧಿ ಮರೆತುದನ್ನು ದೇಹ ನೆನಪಿಡುತ್ತದೆ. ಕಲ್ಲುಗುಡ್ಡದ ಊರಿನ ಮಗುವನ್ನು ಎದ್ದು ನಿಲ್ಲಿಸಿ ತನ್ನ ಊರಿನ ಅನುಭವವನ್ನು ಹೇಳಿಸಿದರೆ ಭಾನುವಳ್ಳಿಯಂಥ ನೀರಾವರಿ ಊರಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಬೇರಿಲ್ಲ. ಆ ದಿನ ಆ ಮಗುವೇ ಗುರು.

ಕಥೆಯ ಕೊನೆಯಲ್ಲಿ ಮರದಿಂದಿಳಿದ ಗೆಳೆಯನು, ಕರಡಿ ಕಿವಿಯಲ್ಲಿ ಏನು ಹೇಳಿತೆಂದು ಕೇಳುತ್ತಾನೆ. ಆಪತ್ತಿನಲ್ಲಿ ಬಿಟ್ಟು ಓಡುವವನ ಜೊತೆ ಸೇರಬೇಡವೆಂದಿತು ಎಂದು ಇನ್ನೊಬ್ಬನು ಉತ್ತರಿಸುತ್ತಾನೆ. ಕಾಡಿನ ಪಾಠಕ್ಕೂ ಈ ಮಾತು ಸಲ್ಲುತ್ತದೆ. ಜೊತೆಗೂಡಿ ನಡೆದವರ ಮಾತಿನ ಸದ್ದಿಗೆ ಕರಡಿ ದೂರ ಸರಿಯುತ್ತದೆ. ಒಂಟಿಯಾಗಿ ಮೌನವಾಗಿ ನಡೆದವನಿಗೇ ಅದು ಎದುರಾಗುವುದು ಹೆಚ್ಚು. ಆ ಗೆಳೆಯರಿಬ್ಬರೂ ಮಾತನಾಡುತ್ತ ಕೂಡಿ ನಡೆದಿದ್ದರೆ, ಒಬ್ಬನು ಮರವೇರುವ, ಇನ್ನೊಬ್ಬನು ಮಲಗುವ ಪ್ರಸಂಗವೇ ಬಹುಶಃ ಒದಗುತ್ತಿರಲಿಲ್ಲ.